ಕಾಕಾನ ಮೇಣದ ಕಂಡೆನ್ಸರ್

ಅವನ ಅಂಗಡಿಯ ಮುಂದೆ ಹಾಯ್ದು ಹೋಗುವ ಪ್ರಸಂಗ ಬಂದರೆ ನಾನು ಇವತ್ತಿಗೂ ಎದುರಿನ ಗೋಡೆ ನೋಡಿಕೊಂಡು ಗಾಡಿ ಹೊಡೆಯುತ್ತೇನೆ. ಆ ಗೋಡೆಯ ಮೇಲೆ ನೋಡುವಂಥದ್ದೇನೂ ಇಲ್ಲ. ಟ್ಯೂಷನ್ನಿನ ಒಂದು ಹರಿದ ಪೋಸ್ಟರು, ಎಲೆ ಅಡಿಕೆ ಉಗುಳಿದ ಕಲೆ. ಆದರೂ ಅವನ ಮುಖಕ್ಕಿಂತ ಅದು ಛಲೋ. ಜನ ಕೇಳುತ್ತಾರೆ, ‘ಇಬ್ಬರೂ ಒಂದ ಬೆಂಚಿನ ಮ್ಯಾಲೆ ಕಲ್ತವರು, ಹಿಂಗ್ಯಾಕ್ರಿ?’ ಅಂತ. ಹಿಂಗ್ಯಾಕೆ ಅಂತ ಬರೆದೇ ಬಿಡುತ್ತೇನೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಅಕ್ಷರದಲ್ಲಿ ಹೆಚ್ಚು ಕಡಿಮೆ ಇದ್ದರೆ ಓದುವವರು ಸಂಭಾಳಿಸಿಕೊಳ್ಳಲಿ. ಮಾತಿನಲ್ಲಿ ಹೆಚ್ಚು ಕಡಿಮೆ ಇರುವುದಿಲ್ಲ.

ನಮ್ಮಿಬ್ಬರಿಗೂ ಕೆಲಸ ಕಲಿಸಿದವರನ್ನು ಹುಬ್ಬಳ್ಳಿಯ ಆ ಓಣಿಯೆಲ್ಲ ಕಾಕಾ ಅಂತಲೇ ಕರೆಯುತ್ತಿತ್ತು. ಅವರದು ರೇಡಿಯೋ ರಿಪೇರಿಯ ಅಂಗಡಿ. ರೇಡಿಯೋದ ಕಾಲ ಮುಗಿದ ಮೇಲೆ ಅವರು ಆರ್ಕೆಸ್ಟ್ರಾದವರ ಗಿಟಾರಿಗೆ ಎಫೆಕ್ಟ್ ಡಬ್ಬಿ ಕಟ್ಟತೊಡಗಿದರು. ಗಿಟಾರು ಮತ್ತು ಸ್ಪೀಕರಿನ ನಡುವೆ ಇಡುವ ತಗಡಿನ ಡಬ್ಬಿ ಅದು. ಒಂದು ಗುಂಡಿ ಒತ್ತಿದರೆ ಧ್ವನಿ ದಪ್ಪವಾಗುತ್ತದೆ, ಗೊಗ್ಗರಾಗುತ್ತದೆ, ಇಲ್ಲವೇ ಉದ್ದ ಎಳೆಯುತ್ತದೆ. ಪರದೇಶದ್ದು ತರಿಸಲು ಆಗದವರು ಕಾಕಾನ ಹತ್ತಿರ ಬರುತ್ತಿದ್ದರು. ಒಮ್ಮೆ ಬಂದವರು ಪರದೇಶದ್ದರ ಸುದ್ದಿ ಮತ್ತೆ ಎತ್ತುತ್ತಿರಲಿಲ್ಲ.

ಕಾಕಾ ಮೀಟರ್ ಹಿಡಿಯುವುದಕ್ಕಿಂತ ಮೊದಲು ಕಡ್ಡಿ ಹಿಡಿಯುತ್ತಿದ್ದರು. ದೇವರ ಮುಂದೆ ಉರಿದು ಮುಗಿದ ಊದಿನಕಡ್ಡಿಯ ಬಿದಿರನ್ನು ಒಂದು ಲೋಟದಲ್ಲಿ ಕೂಡಿಹಾಕಿ ಇಟ್ಟಿರುತ್ತಿದ್ದರು. ಡಬ್ಬಿ ಚಾಲೂ ಮಾಡಿ, ಸ್ಪೀಕರ್ ಹಚ್ಚಿ, ಆ ಕಡ್ಡಿಯಿಂದ ಒಂದೊಂದೇ ಕಂಡೆನ್ಸರಿನ ತಲೆಯ ಮೇಲೆ ಮೆಲ್ಲಗೆ ಬಡಿಯುವುದು.

‘ಬಡದ್ರ ಮಾತಾಡಬಾರದು,’ ಅನ್ನುತ್ತಿದ್ದರು. ‘ಮಾತಾಡೂದನ್ನ ತಗದು ಒಗಿ. ಧ್ವನಿ ದಾಟಸೂದು ಅದರ ಕೆಲಸ. ತಾನ ಹಾಡೂದಲ್ಲ.’

ಈಗಿನವರು ಕೆಪಾಸಿಟರ್ ಅನ್ನುತ್ತಾರೆ, ನಮ್ಮ ಬಾಯಿಗೆ ಕಂಡೆನ್ಸರ್ ಅಂತಲೇ ಬರುತ್ತದೆ. ಬ್ಯಾಟರಿಯ ನಿಂತ ಕರೆಂಟನ್ನು ಬಾಗಿಲಲ್ಲೇ ತಡೆದು, ಅಲುಗಾಡುವ ಧ್ವನಿಯನ್ನು ಮಾತ್ರ ಒಳಗೆ ಬಿಡುವ ಸಾಮಾನು. ಯಾವ ಜಾಗಕ್ಕೆ ಯಾವುದು ಅನ್ನುವುದರಲ್ಲೇ ನಮ್ಮ ಉದ್ಯೋಗ ಇದೆ. ಬ್ಯಾಟರಿ ಕರೆಂಟು ಬರುವ ಕಡೆ ಎಲೆಕ್ಟ್ರೋಲಿಟಿಕ್ ಹಾಕಬೇಕು, ಉಲ್ಟಾ ಕೂಡಿಸಿದರೆ ಉಬ್ಬಿ ಸಾಯುತ್ತದೆ. ಬಿಲ್ಲೆಯಂಥ ಸಿರಾಮಿಕ್ ಅಗ್ಗ, ಸಣ್ಣ ಅಳತೆಗೆ ನಡೆಯುತ್ತದೆ. ದೊಡ್ಡ ಅಳತೆಯದನ್ನು ಧ್ವನಿಯ ದಾರಿಯಲ್ಲಿ ಕೂಡಿಸಿದರೆ ಸ್ಟೇಜಿನ ಮೇಲೆ ಯಾರೋ ಕಾಲು ಬಡಿದದ್ದೂ ಸ್ಪೀಕರಿನಲ್ಲಿ ಟಣ್ ಅನ್ನುತ್ತದೆ. ಕಾಕಾ ಕಡ್ಡಿಯಿಂದ ಹಿಡಿಯುತ್ತಿದ್ದದ್ದು ಅದನ್ನೇ. ಧ್ವನಿಯ ದಾರಿಗೆ ಪಾಲಿಯೆಸ್ಟರ್. ಕಡಲೆಬೀಜದಷ್ಟು ಇರುತ್ತದೆ, ನೋಡಲು ಏನೂ ಚಂದ ಇಲ್ಲ, ಬಡಿದರೆ ಬಾಯಿ ಬಿಡುವುದಿಲ್ಲ, ಸೋರುವುದಿಲ್ಲ, ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ನಾನು ಹಗಲೆಲ್ಲ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತಿ, ಸಂಜೆ ಈ ಕೆಲಸ ಮಾಡಿ, ಆಮೇಲೆ ಸ್ವಂತ ಅಂಗಡಿ ಹಾಕಿದವನು. ಪಾಲಿಯೆಸ್ಟರ್ ಬಿಟ್ಟು ಬೇರೆ ಹಾಕಿದ್ದರೆ ಗಿರಾಕಿಗಳು ಅಂಗಡಿಗೆ ಕಲ್ಲು ಒಗೆಯುತ್ತಿದ್ದರು.

ಅವನೂ ಅದನ್ನೇ ಕಲಿತವನು. ಆದರೆ ಅಂಗಡಿ ಹಾಕಿದ ಮೇಲೆ ಅವನ ನಾಲಿಗೆ ಬೇರೆ ಆಯಿತು. ಬಂಗಾರದ ಅಕ್ಷರ ಬರೆದ ಪರದೇಶದ ಕಂಡೆನ್ಸರ್ ತರಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ. ಗಿಟಾರಿನ ಹುಡುಗರು ಬಂದರೆ, ‘ಇದನ್ನ ಹಾಕ್ಸಿ ನೋಡ್ರಿ, ಧ್ವನಿ ಬೆಣ್ಣಿ ಆಗತೈತಿ’ ಅನ್ನುತ್ತಿದ್ದ. ಆ ಹುಡುಗರು ನನ್ನ ಅಂಗಡಿಗೂ ಬಂದು ಬೆಣ್ಣಿಯ ಕಂಡೆನ್ಸರ್ ಕೇಳಿದರು. ‘ಬೆಣ್ಣಿ ಬೇಕಾದ್ರ ದುರ್ಗದ ಬೈಲಿಗೆ ಹೋಗ್ರಿ’ ಅಂದೆ. ಅಲ್ಲಿಯವರೆಗೂ ನಮ್ಮದು ಬರೀ ಬಾಯಿಮಾತಿನ ವೈರ.

ಕಾಕಾ ತೀರಿಕೊಂಡ ಮುಂದಿನ ವರ್ಷ, ಗಣಪತಿ ಕಳಿಸಿದ ಮೇಲೆ ಒಂದು ದಿನ, ಕಾಕಾನ ಮಗಳು ನನ್ನ ಅಂಗಡಿಗೆ ಬಂದಳು. ಅವಳು ನವನಗರದಲ್ಲಿ ಇರುತ್ತಾಳೆ, ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ರಾಗ ನುಡಿಸುವುದು ಅವಳ ವಿದ್ಯೆ. ಗಿಟಾರಿನ ಸ್ವರ ಲಗೂ ಸಾಯುತ್ತದೆ. ಅದು ಗಾಯಕರ ದನಿಯಂತೆ ಉದ್ದ ಎಳೆಯಲಿ ಅಂತ ಕಾಕಾ ಅವಳಿಗಾಗಿ ಒಂದು ಡಬ್ಬಿ ಕಟ್ಟಿಕೊಟ್ಟಿದ್ದರು. ಅದು ಕೈಜಾರಿ ಬಿದ್ದು ಒಡೆದಿತ್ತು.

‘ಅಣ್ಣಾರ, ನವರಾತ್ರಿಗೆ ಧಾರವಾಡದ ಸಂಗೀತ ಸಭಾದಾಗ ಬಾರಸಾಕ ಅರ್ಧ ತಾಸು ಕೊಟ್ಟಾರ,’ ಅಂದಳು. ‘ಇಷ್ಟು ವರ್ಷಕ್ಕ ಈಗ ಕೊಟ್ಟಾರ. ಅಲ್ಲಿ ಹಿರಿಯರು ಏನಂದ್ರು ಗೊತ್ತೇನ್ರಿ? ಕರೆಂಟಿನ ವಾದ್ಯಕ್ಕ ನಮ್ಮಲ್ಲಿ ಜಾಗಾ ಇಲ್ಲವ್ವಾ, ಒಮ್ಮೆ ನೋಡ್ತೀವಿ, ಕರಕರ ಅಂತಂದ್ರ ಅದ ಮೊದಲು, ಅದ ಕಡೀಕ, ಅಂದ್ರು.’

‘ಅನ್ನಲಿ. ಕರಕರ ಅನ್ನಲಾರದಂಥಾದ್ದು ನಾ ಮಾಡಿ ಕೊಡ್ತೇನಿ,’ ಅಂದೆ.

ಆಗ ಅವಳು ಕರ್ಚೀಫಿನ ಗಂಟು ಬಿಚ್ಚಿ ಎರಡು ಕಂಡೆನ್ಸರ್ ಬೆಂಚಿನ ಮೇಲೆ ಇಟ್ಟಳು. ವಾಲ್ವ್ ರೇಡಿಯೋದ ಕಾಲದವು. ಕಾಗದ ಸುತ್ತಿ, ಮೇಣ ತುಂಬಿದ ಕೊಳವೆ, ಹೆಬ್ಬೆರಳಿನಷ್ಟು ದಪ್ಪ. ಕಾಕಾ ತಮ್ಮ ಕೈಯಿಂದ ಮೊಟ್ಟಮೊದಲು ಕಟ್ಟಿದ ರೇಡಿಯೋದೊಳಗಿನವು ಅಂತೆ.

‘ಇವನ್ನ ಹಾಕಿ ಮಾಡ್ರಿ. ಅಪ್ಪ ಸ್ಟೇಜಿನ ಮ್ಯಾಲೆ ನನ್ನ ಜೋಡಿ ಇದ್ದಂಗ ಆಗತೈತಿ.’

ನಾನು ಒಂದನ್ನು ಎತ್ತಿಕೊಂಡೆ. ಕಂಡೆನ್ಸರಿನ ಒಂದು ಕಡೆ ಬ್ಯಾಟರಿ ಹಿಡಿದೆ, ಇನ್ನೊಂದು ಕಡೆ ಮೀಟರ್ ಇಟ್ಟೆ. ಬಾಗಿಲು ಗಟ್ಟಿ ಇದ್ದರೆ ಮುಳ್ಳು ಒಮ್ಮೆ ಜಿಗಿದು ತಿರುಗಿ ಬಂದು ಮಲಗಬೇಕು. ಅದು ಎದ್ದು ನಿಂತೇ ಬಿಟ್ಟಿತು. ಎರಡನೆಯದೂ ಹಾಗೇ.

‘ಇವು ಸೋರತಾವ ತಂಗಿ.’

‘ಸ್ವಲ್ಪ ಅಲ್ರಿ?’

‘ಸ್ವಲ್ಪ ಸೋರೂ ಕೊಡದಾಗ ನೀರು ತುಂಬಿ ಇಡತಾರೇನು? ಸ್ಟೇಜಿನ ಲೈಟಿನ ಕಾವು ಬಿತ್ತಂದ್ರ ಇನ್ನೂ ಸೋರತಾವ. ನಾಬ್ ತಿರುವಿದ್ರ ಕರಕರ. ಟ್ರಾನ್ಸಿಸ್ಟರಿನ ಕುತಿಗಿ ಹಿಚಿಕಿದಂಗ ಆಗಿ ನಿನ್ನ ಮೀಂಡು, ಆ ಜಾರೂ ಸ್ವರ, ಅರ್ಧಕ್ಕ ಸಾಯತೈತಿ. ಆ ಹಿರಿಯರು ಅದನ್ನ ಕಾಯಾಕತ್ತಾರ.’

‘ಅಪ್ಪ ಇದ್ದಿದ್ರ ಹೆಂಗರ ಮಾಡಿ ಹಾಕತಿದ್ರು.’

‘ಅಪ್ಪ ಇದ್ದಿದ್ರ ನನಗಿಂತ ಮೊದಲ ಕಸದಾಗ ಒಗೀತಿದ್ರು. ಒಗಿ ತಂಗಿ. ಸತ್ತಾವಿವು.’

ನಾನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಈಗಲೂ ಇಲ್ಲ. ಅವಳು ಎರಡನ್ನೂ ಎತ್ತಿ ಕರ್ಚೀಫಿನಲ್ಲಿ ಕಟ್ಟಿಕೊಂಡಳು. ಗಂಟು ಹಾಕುವಾಗ ತಲೆ ಎತ್ತದೆ, ‘ಅಪ್ಪನ ಹತ್ರ ನೀವು ಕೆಲಸಾ ಅಷ್ಟ ಕಲ್ತೀರಿ ಅಣ್ಣಾರ,’ ಅಂದು ಮೆಟ್ಟಿಲು ಇಳಿದು ಹೋದಳು. ಹೋದದ್ದು ಎಲ್ಲಿಗೆ ಅಂತ ಬೇರೆ ಹೇಳಬೇಕಾಗಿಲ್ಲ.

ಅವನು ಅವಳ ಕಣ್ಣಮುಂದೆ ಆ ಎರಡನ್ನೂ ಕಣ್ಣಿಗೆ ಒತ್ತಿಕೊಂಡನಂತೆ. ‘ಕಾಕಾನ ಆಶೀರ್ವಾದ ಇವು, ಹಾಕ್ದ ಇರ್ತೇನಾ?’ ಅಂದನಂತೆ. ಇದನ್ನು ನನಗೆ ಹೇಳಿದವನು ಚಹಾದಂಗಡಿಯವನು. ಅವನ ಅಂಗಡಿಯಲ್ಲಿ ಚಹಾ ಕುಡಿಯುತ್ತ ನನ್ನ ವೈರಿ ಇಡೀ ಓಣಿಯ ಎದುರು ಇನ್ನೂ ಒಂದು ಮಾತು ಅಂದಿದ್ದ: ‘ಅಂವಗ ಎಲ್ಲಾ ಕಸಾನಪಾ. ನಾಳೆ ತಮ್ಮಪ್ಪನ ಫೋಟೋಕ್ಕ ಗೆದ್ದಲ ಹತ್ತಿತಂದ್ರ ಅದನ್ನೂ ಒಗೀತಾನ.’

ಮನೆಯಲ್ಲಿ ಹೆಂಡತಿಯೂ ಅದೇ ರಾಗ. ‘ನೀವು ಒಂಚೂರು ಮೆತ್ತಗ ಹೇಳಬೇಕಿತ್ತು.’

‘ಮೆತ್ತಗ ಹೇಳಿದ್ರ ಸೋರೂದು ನಿಲ್ಲತೈತೇನು?’

‘ನಿಮ್ಮ ಬಾಯಿ ಸೋರೂದು ನಿಲ್ಲತಿತ್ತು,’ ಅಂದು ಒಳಗೆ ಹೋದಳು.

ಯಾರೂ ಕೇಳದಿದ್ದರೂ ನಾನು ಒಂದು ಡಬ್ಬಿ ಕಟ್ಟಿದೆ. ಕಾಕಾ ಅವಳಿಗೆ ಕಟ್ಟಿಕೊಟ್ಟಿದ್ದ ಅದೇ ಸರ್ಕಿಟ್, ಧ್ವನಿಯ ದಾರಿಯಲ್ಲಿ ನನ್ನ ಪಾಲಿಯೆಸ್ಟರ್. ಕಡ್ಡಿಯಿಂದ ಬಡಿದು ನೋಡಿದೆ, ಪಿಟ್ ಅನ್ನಲಿಲ್ಲ. ಒರೆಸಿ ಮೇಲಿನ ಹಲಗೆಯ ಮೇಲೆ ಇಟ್ಟೆ. ಅವನದು ಕೈಕೊಡುತ್ತದೆ, ಅವಳು ಬರುತ್ತಾಳೆ, ಆಗ ಮಾತಿಲ್ಲದೆ ತೆಗೆದು ಕೈಯಲ್ಲಿ ಇಡಬೇಕು ಅಂತ. ಅದರಲ್ಲಿ ಅವಳ ಮೇಲಿನ ಕಾಳಜಿ ಎಷ್ಟು, ಅವನ ಮೇಲಿನ ಸಿಟ್ಟು ಎಷ್ಟು ಅಂತ ನನ್ನನ್ನು ಕೇಳಬೇಡಿ.

ಬಂದಳು. ಕಾರ್ಯಕ್ರಮದ ದಿನ ಮುಂಜಾನೆಯೇ ಬಂದಳು. ಹೊರಗೆ ಆಟೋ ನಿಲ್ಲಿಸಿ, ಬಟ್ಟೆ ಸುತ್ತಿದ ಗಿಟಾರನ್ನು ತಬ್ಬಿಕೊಂಡು ಬಾಗಿಲಲ್ಲೇ ನಿಂತಳು. ಒಳಗೆ ಕಾಲಿಡಲಿಲ್ಲ.

‘ಡಬ್ಬಿ ಬಂದ್ ಬಿದ್ದೈತ್ರಿ. ಅವರ ಅಂಗಡಿ ಮುಚ್ಚೈತಿ. ಹೆಂಡ್ತಿ ಮನಿಗೆ ಶಿರಗುಪ್ಪಿಗೆ ಹೋಗ್ಯಾರಂತ, ಫೋನು ಹತ್ತವಲ್ದು.’

ಖರೇ ಹೇಳುತ್ತೇನೆ, ನನಗೆ ಖುಷಿಯಾಯಿತು. ‘ಸೋರಿತಲ್ಲ?’ ಅಂದೆ.

ಅವಳು ಡಬ್ಬಿ ಮುಂದೆ ಚಾಚಿದಳು.

ನಾಲ್ಕೂ ಸ್ಕ್ರೂ ಬಿಚ್ಚಿ ಒಳಗೆ ನೋಡಿದೆ. ಅವನ ಬೆಸುಗೆ ನನ್ನದಕ್ಕಿಂತ ಚಂದ, ಮೊದಲಿಂದಲೂ ಹಾಗೇ. ಅದೂ ಒಂದು ಸಿಟ್ಟು ನನಗಿದೆ. ನಟ್ಟನಡುವೆ ಕಾಕಾನ ಎರಡು ಮೇಣದ ಕೊಳವೆ, ದಾರದಿಂದ ಬಿಗಿದು ಕಟ್ಟಿದ್ದ. ಬಂದ್ ಬಿದ್ದದ್ದಕ್ಕೆ ಅವು ಕಾರಣ ಅಲ್ಲವೇ ಅಲ್ಲ. ಗಿಟಾರಿನ ವಾಯರು ಚುಚ್ಚುವ ಜಾಕಿನ ಹತ್ತಿರ ಒಂದು ಎಳೆ ಕಡಿದಿತ್ತು. ಬೆಸೆದೆ. ‘ಬಾರಿಸಿ ನೋಡು’ ಅಂದೆ.

ಕಡೆಗೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಒಂದು ಸ್ವರ ಎಳೆದಳು. ಅದು ಎದ್ದು, ಬಾಗಿ, ಇನ್ನೊಂದು ಸ್ವರಕ್ಕೆ ಜಾರಿ, ಅಂಗಡಿಯ ತುಂಬ ನಿಂತಿತು. ಕರಕರಕ್ಕಾಗಿ ಕಾದೆ. ಬರಲಿಲ್ಲ. ನಾಬ್ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುವಿದೆ. ಸುದ್ದಿಯೇ ಇಲ್ಲ. ಕೊಳವೆಯ ಒಂದು ಕಾಲು ಬಿಡಿಸಿ ಮೀಟರ್ ಹಚ್ಚಿದೆ. ಮುಳ್ಳು ಜಿಗಿದು, ಬಂದು, ಮಲಗಿತು. ಕಾದ ಬೆಸುಗೆ ಐರನ್ನನ್ನು ಸಮೀಪ ಹಿಡಿದು ಕೊಳವೆಗೆ ಕಾವು ಕೊಟ್ಟೆ. ಮುಳ್ಳು ಏಳಲಿಲ್ಲ. ಸೋರುತ್ತದೆ ಅಂತ ನಾನೇ ಮೀಟರ್ ಹಚ್ಚಿ ನೋಡಿದ ಸಾಮಾನು ಇದು. ಸತ್ತದ್ದು ಹೀಗೆ ಎದ್ದು ಕೂಡುವುದಿಲ್ಲ.

ಆಗ ಕಾಲಿನ ತಂತಿ ನೋಡಿದೆ. ಹಳೆಯದರದ್ದು ದಪ್ಪ, ಮಂಕು. ಇದು ತೆಳ್ಳಗೆ ಹೊಳೆಯುತ್ತಿತ್ತು. ಕೊಳವೆಯ ಬಾಯಿಗೆ ತುಂಬಿದ ಮೇಣ ಬೆಳ್ಳಗೆ, ಮೇಣಬತ್ತಿಯದ್ದು. ಹಳೆಯ ಮೇಣ ಬೆಲ್ಲದ ಬಣ್ಣದ್ದು ಇತ್ತು. ನನಗೆ ಎಲ್ಲ ತಿಳಿಯಿತು. ಅವನು ಕೊಳವೆ ಕಾಯಿಸಿ, ಒಳಗಿನ ಕಾಗದದ ಸುರುಳಿ ಎಳೆದು ತೆಗೆದು, ಆ ಪೊಳ್ಳಿನಲ್ಲಿ ಪಾಲಿಯೆಸ್ಟರ್ ಕೂಡಿಸಿ, ಬಾಯಿಗೆ ಮೇಣ ಹಾಕಿ ಮುಚ್ಚಿದ್ದ. ಹೊರಗೆ ಕಾಕಾನ ಅಂಗಿ, ಒಳಗೆ ನಾನು ಹಾಕುತ್ತಿದ್ದ ಸಾಮಾನು. ನಾನು ಹೇಳಿದ್ದನ್ನೇ ಮಾಡಿ, ನಾನು ಹೇಳಿದ್ದಕ್ಕೆ ಇಡೀ ಓಣಿಯಲ್ಲಿ ನನ್ನ ಮುಖಕ್ಕೆ ಮಸಿ ಬಳಿದಿದ್ದ.

‘ಏನಾಗಿತ್ರಿ?’ ಅಂದಳು.

‘ಜಾಕಿನ ವಾಯರ್ ಕಡದಿತ್ತು.’

‘ಅಪ್ಪನವು?’

ಬಿಡಿಸಿದ ಕಾಲನ್ನು ತಿರುಗಿ ಬೆಸೆಯುತ್ತಿದ್ದೆ. ಮೇಲಿನ ಹಲಗೆಯಲ್ಲಿ ನನ್ನ ಡಬ್ಬಿ ಕೂತಿತ್ತು. ಒಂದು ಮಾತು ಹೇಳಿದರೆ ಸಾಕು, ಅವನ ಆಟ ಮುಗಿಯುತ್ತಿತ್ತು. ಅದರ ಜೋಡಿ ಇವಳ ಅರ್ಧ ತಾಸೂ ಮುಗಿಯುತ್ತಿತ್ತು. ಇಷ್ಟು ದಿನ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾರಿಸಿದ ಕೈ ಅದು. ಇವತ್ತು ಸಂಜೆ ಆ ಕೈ ಅಳುಕಿದರೆ, ಕರಕರ ಅನ್ನಲು ಕಂಡೆನ್ಸರೇ ಬೇಕಾಗಿರಲಿಲ್ಲ.

‘ಸೋರಾಕತ್ತಿಲ್ಲ,’ ಅಂದೆ.

‘ನೀವು ಸೋರತಾವ ಅಂದಿದ್ರಿ. ಕಸದಾಗ ಒಗಿ ಅಂದಿದ್ರಿ.’

ನಾನು ನಾಲ್ಕೂ ಸ್ಕ್ರೂ ಬಿಗಿದು ಡಬ್ಬಿ ಅವಳ ಮುಂದೆ ಇಟ್ಟೆ. ಈ ಊರಲ್ಲಿ ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ಅವಳು ಡಬ್ಬಿ ಎತ್ತಿಕೊಂಡು ಹೋದಳು, ನನಗೆ ಕೆಲಸ ಬರುವುದಿಲ್ಲ ಅನ್ನುವುದನ್ನೂ ಜೋಡಿಗೆ ಕಟ್ಟಿಕೊಂಡು.

ಸಂಜೆ ನಾನು ಧಾರವಾಡಕ್ಕೆ ಹೋದೆ. ಯಾರೂ ಕರೆದಿರಲಿಲ್ಲ. ಹಿಂದಿನ ಬಾಗಿಲ ಹತ್ತಿರ ನಿಂತೆ. ಮುಂದಿನ ಸಾಲಿನಲ್ಲಿ ಆ ಹಿರಿಯರು ಕೋಲಿನ ಮೇಲೆ ಗದ್ದ ಊರಿ ಕೂತಿದ್ದರು, ಪಂಚಾಯ್ತಿಗೆ ಬಂದವರಂತೆ. ಅವಳು ಶುರು ಮಾಡಿದಳು. ನನಗೆ ರಾಗದ ಹೆಸರು ತಿಳಿಯುವುದಿಲ್ಲ, ಸ್ವರದ ಬಾಲ ತಿಳಿಯುತ್ತದೆ. ಒಂದೇ ಒಂದು ಬಾಲ ತುಂಡಾಗಲಿಲ್ಲ. ತಬಲಾದವನು ಜೋರು ಮಾಡಿದಾಗ ಸ್ಟೇಜು ಅದುರಿದರೂ ಡಬ್ಬಿ ಬಾಯಿ ಬಿಡಲಿಲ್ಲ. ಅರ್ಧ ತಾಸು ಮುಗಿದಾಗ ಹಿರಿಯರು ಕೋಲು ಬಿಟ್ಟು ಎರಡೂ ಕೈಯಿಂದ ಚಪ್ಪಾಳೆ ಹೊಡೆದರು. ‘ಬರೂ ವರ್ಷನೂ ಬಾರವ್ವಾ,’ ಅಂದದ್ದು ಮೈಕಿನಲ್ಲಿ ನನಗೂ ಕೇಳಿಸಿತು.

ಅವಳು ಮೈಕ್ ಹಿಡಿದು ಅವನ ಉಪಕಾರ ನೆನೆದಳು. ಅಪ್ಪನ ಕಂಡೆನ್ಸರ್ ಇವತ್ತು ನನ್ನ ಜೋಡಿ ಹಾಡಿದವು ಅಂದಳು. ಅಷ್ಟರಲ್ಲಿ ಶಿರಗುಪ್ಪಿಯಿಂದ ಬಂದು ಕೂತಿದ್ದ ಅವನು ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈಮುಗಿದ.

ಹೊರಗೆ ಗಿರ್ಮಿಟ್ ಗಾಡಿಯ ಹತ್ತಿರ ಸಿಕ್ಕ. ಕಾಗದದಲ್ಲಿ ಚುರುಮುರಿಯ ಗಿರ್ಮಿಟ್ ಹಿಡಿದು ಮೆಣಸಿನಕಾಯಿ ಕಡಿಯುತ್ತಿದ್ದ.

‘ಮೇಣಬತ್ತಿ ಯಾವ ಅಂಗಡ್ಯಾಗ ತಂದಿ?’ ಅಂದೆ.

ಬಾಯಿ ಆಡಿಸುವುದು ನಿಂತಿತು. ‘ಬಿಚ್ಚಿ ನೋಡಿದೇನು?’

‘ವಾಯರ್ ಹಚ್ಚಾಕ ನನ್ನ ಕಡೆ ಬಂದಿದ್ಲು.’

‘ಆಕಿಗೆ ಹೇಳಿದೇನು?’

‘ಇಲ್ಲ.’

‘ಹೇಳಬೇಕಿತ್ತಲ್ಲೋ. ಹರಿಶ್ಚಂದ್ರನ ಮೊಮ್ಮಗ ನೀನು.’

‘ನಾ ಹೇಳಿದ್ದ ಮಾಡಿ, ಓಣಿ ತುಂಬ ನನ್ನ ಹೆಸರು ಕೆಡಿಸಿದಿ.’

‘ಏನಲೇ ನೀ ಹೇಳಿದ್ದು? ಪಾಲಿಯೆಸ್ಟರ್ ಹಾಕು ಅಂತ ನಿನಗ ಹೇಳಿದಾಂವ ಕಾಕಾ. ನನಗ ಹೇಳಿದಾಂವನೂ ಕಾಕಾ. ಅದೇನು ನಿಮ್ಮಪ್ಪನ ಗಂಟೇನು?’

‘ಸೋರತಾವ ಅಂತ ಆಕಿಗೆ ಖರೇ ಹೇಳಬೇಕಿತ್ತು.’

‘ನೀ ಹೇಳಿದ್ದಿಯಲ್ಲ? ಅಳಕೋತ ನನ್ನ ಅಂಗಡಿಗೆ ಬಂದ್ಲು. ಹೇಳಿದಾಂವ ಹೇಳಿ ಕುಂತ. ಆಕಿಗೆ ಅರ್ಧ ತಾಸು ದಾಟಸಿದಾಂವ ನಾ.’

ಇದಕ್ಕೆ ನನ್ನ ಹತ್ತಿರ ಮಾತು ಇತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

‘ಒಳಗಿಂದು ಏನ್ ಮಾಡ್ದಿ?’

‘ಯಾವ ಒಳಗಿಂದು?’

‘ಕೊಳವಿ ಒಳಗಿಂದು. ಕಾಕಾನ ಕಾಲದ್ದು. ಆ ಸುರುಳಿ.’

‘ಕಸದಾಗ ಒಗದೆ,’ ಅಂದ, ಮೆಣಸಿನಕಾಯಿಯ ತೊಟ್ಟು ಉಗುಳಿ. ‘ನೀನ ಹೇಳಿದ್ದಿಯಲ್ಲ, ಒಗಿ ಅಂತ.’

ನಾನು ಅವನ ಅಂಗಿ ಹಿಡಿದೆ. ಗಿರ್ಮಿಟ್ ಇಬ್ಬರ ಮೇಲೂ ಚೆಲ್ಲಿತು. ಗಾಡಿಯವನೂ ಇನ್ನಿಬ್ಬರೂ ಬಂದು ಬಿಡಿಸಿದರು. ‘ವಯಸ್ಸು ನೋಡ್ಕೋರಿ’ ಅಂದರು. ಕಸದಲ್ಲಿ ಒಗೆ ಅಂದವನು ನಾನೇ ಹೌದು. ಆದರೆ ಆ ಮಾತನ್ನು ನಾನು ಕಾಕಾನ ಮಗಳ ಎದುರು ನಿಂತು, ಅವಳ ಮುಖ ನೋಡಿ ಹೇಳಿದ್ದೆ. ಇವನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡು, ಅವಳು ಮೆಟ್ಟಿಲು ಇಳಿದ ಮೇಲೆ ಒಗೆದ. ಎರಡೂ ಒಂದೇ ಅನ್ನುವವರು ನನ್ನ ಅಂಗಡಿಗೆ ಬರುವುದು ಬೇಡ.

ದಸರೆಯ ದಿನ ಸಂಜೆ ನಮ್ಮ ಕಡೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಡುತ್ತಾರೆ, ತಿರುಗಿ ತೆಗೆದುಕೊಳ್ಳುತ್ತಾರೆ. ವರ್ಷದ ಜಗಳವೆಲ್ಲ ಆ ಎಲೆಯಲ್ಲಿ ಮುಗಿಯಬೇಕು ಅನ್ನುವುದು ಪದ್ಧತಿ. ಕಾಕಾನ ಮಗಳು ಬಂದಳು. ನನಗೂ ನನ್ನ ಹೆಂಡತಿಗೂ ಎಲೆ ಕೊಟ್ಟು ಕಾಲಿಗೆ ಬಿದ್ದಳು. ಹಿಂದಿನ ದಿನ ಆಯುಧಗಳ ಖಂಡೇ ಪೂಜೆಯಲ್ಲಿ ಡಬ್ಬಿಯನ್ನೂ ಗಿಟಾರಿನ ಜೋಡಿ ಇಟ್ಟು ಕುಂಕುಮ ಹಚ್ಚಿದೆ ಅಂದಳು.

‘ಬನ್ನಿ ತೊಗೊಂಡು ಬಂಗಾರದಂಗ ಇರೂಣ್ರಿ ಅಣ್ಣಾರ. ಸಿಟ್ಟೇನಿಲ್ಲಲ್ರಿ?’

‘ನಿನ್ನ ಮ್ಯಾಲೆ ಇಲ್ಲ.’

‘ಅಪ್ಪನವು ನನ್ನ ಕಾಲಕ್ಕೂ ಬಾಳತಾವೇನ್ರಿ?’

‘ನಿನ್ನ ಕಾಲಕ್ಕೂ ಬಾಳತಾವ,’ ಅಂದೆ. ಪಾಲಿಯೆಸ್ಟರಿನ ಮೇಲೆ ಆಣೆ ಇಟ್ಟು ಹೇಳಬಹುದಾದ ಮಾತು ಅದು. ‘ಒಂದು ಕೇಳು. ಡಬ್ಬಿ ಬಿಚ್ಚಬ್ಯಾಡ. ಏನರ ಆದ್ರ ನನ್ನ ಹತ್ರ ತಾ. ಅಂವನ ಕೈಯಾಗ ಮತ್ತ ಕೊಡಬ್ಯಾಡ.’

‘ಅವರ ಮಾಡಿದ್ದಲ್ರಿ ಅದು? ಯಾಕ?’

‘ನಾ ಹೇಳಾಕತ್ತೇನಲ್ಲ.’

ಅವಳು ನಕ್ಕಳು. ಹೊಟ್ಟೆಕಿಚ್ಚು ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಅವಳು ಹೋದ ಸ್ವಲ್ಪ ಹೊತ್ತಿಗೆ ಅವನು ಬಂದ. ಹೊಸ ಅಂಗಿ ಹಾಕಿದ್ದ. ಹೊಸ್ತಿಲ ಆಚೆ ನಿಂತು, ನನ್ನ ಮುಖ ನೋಡದೆ, ಬನ್ನಿ ಎಲೆ ಮುಂದೆ ಚಾಚಿ ಆಡಬೇಕಾದ ಮಾತು ಆಡಿದ. ಹಬ್ಬದ ದಿನ ಹೊಸ್ತಿಲಿಗೆ ಬಂದವನ ಬನ್ನಿ ಬೇಡ ಅನ್ನಲು ಬರುವುದಿಲ್ಲ. ತೆಗೆದುಕೊಂಡೆ. ನನ್ನ ಕಿಸೆಯಲ್ಲಿ ಹೆಂಡತಿ ತುಂಬಿಟ್ಟ ಎಲೆ ಇದ್ದವು. ಕೈ ಕಿಸೆಗೆ ಹೋ‌ಗಲಿಲ್ಲ. ಅವನು ಕೈಯನ್ನು ಚಾಚಿಯೇ ನಿಂತಿದ್ದ. ನಾನೂ ನಿಂತಿದ್ದೆ. ಆಮೇಲೆ ಅವನು ಕೈ ಇಳಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದ.

‘ತೊಗೊಂಡು ಕೊಡಲಾರದ್ದು ಎಂಥಾ ಬನ್ನಿ ರೀ ಇದು?’ ಅಂದಳು ಹೆಂಡತಿ.

‘ಸುರುಳಿ ತಂದು ಕೊಡಲಿ, ಕೊಡ್ತೇನಿ,’ ಅಂದೆ.

ಯಾವ ಸುರುಳಿ ಅಂತ ಅವಳು ಕೇಳಿದಳು. ನಾನು ಅಂಗಡಿಯ ಕೀಲಿ ತೆಗೆದುಕೊಂಡು ಹೊರಗೆ ನಡೆದೆ. ಹಲಗೆಯ ಮೇಲಿನ ನನ್ನ ಡಬ್ಬಿ ಈಗಲೂ ಅಲ್ಲೇ ಇದೆ. ಆರ್ಕೆಸ್ಟ್ರಾದವರು ಕೇಳುತ್ತಾರೆ. ಅದು ಮಾರಾಟಕ್ಕಲ್ಲ ಅನ್ನುತ್ತೇನೆ.